ಹೋಂಸ್ಟೇಯ ನಿಯಮಗಳು ಮತ್ತು ಮನೆಯೊಡತಿಯ ನಿದ್ದೆ: ಒಂದು ಆಪ್ತಸಲಹೆ ಪ್ರಕರಣ

ಸಕಲೇಶಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕಾಫಿ ಮತ್ತು ಮೆಣಸಿನ ಸಣ್ಣ ಹಿಡುವಳಿಯ ಜೊತೆಗೆ ಹೋಂಸ್ಟೇ ನಡೆಸುತ್ತಿರುವ ದಂಪತಿಯ ಪ್ರಕರಣವಿದು. ಅವರನ್ನು ಇಲ್ಲಿ ಶ್ರೀಮತಿ ಸ ಮತ್ತು ಶ್ರೀ ಮ ಎಂದು ಕರೆದಿದ್ದೇನೆ. ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ, ಬರೆಯಲು ಇಬ್ಬರ ಒಪ್ಪಿಗೆಯನ್ನೂ ಪಡೆದಿದ್ದೇನೆ. ಹಳೆಯ ಹೆಂಚಿನ ಮನೆಯ ಒಂದು ಪಕ್ಕವನ್ನು ದುರಸ್ತಿ ಮಾಡಿಸಿ, ಬ್ಯಾಂಕ್ ಸಾಲದಲ್ಲಿ ಮೂರು ಕೋಣೆಗಳಿಗೆ ಹೊಸ ಬಚ್ಚಲುಮನೆ ಕಟ್ಟಿಸಿ, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿ ಅವರು ಈ ಕೆಲಸ ಆರಂಭಿಸಿದ್ದರು. ಮನೆಯಲ್ಲಿ ಎಂಬತ್ತು ದಾಟಿದ ಅತ್ತೆ ಇದ್ದಾರೆ. ಗುರುವಾರ ಸಂಜೆಯಿಂದಲೇ ಎದೆ ಹೊಡೆದುಕೊಳ್ಳುತ್ತದೆ, ಶುಕ್ರವಾರ ಮತ್ತು ಶನಿವಾರ ನಿದ್ದೆ ಬರುವುದಿಲ್ಲ, ಭಾನುವಾರ ಮಧ್ಯಾಹ್ನ ಯಾರ ಮೇಲಾದರೂ ಕೂಗಾಡಿಬಿಡುತ್ತೇನೆ ಎಂಬುದು ಶ್ರೀಮತಿ ಸ ಅವರ ದೂರು. ಥೈರಾಯ್ಡ್, ರಕ್ತದೊತ್ತಡ ಎಲ್ಲವನ್ನೂ ಪರೀಕ್ಷಿಸಿ ದೋಷ ಕಾಣದ ವೈದ್ಯರು ಅವರನ್ನು ನನ್ನ ಬಳಿಗೆ ಕಳುಹಿಸಿದ್ದರು.

ತೊಂದರೆ ಉಲ್ಬಣಿಸಿದ್ದು ಒಂದು ವಾರಾಂತ್ಯದ ನಂತರ. ಆರು ಜನರ ಹೆಸರಿನಲ್ಲಿ ಬುಕಿಂಗ್ ಮಾಡಿದ್ದ ತಂಡದಲ್ಲಿ ಹತ್ತು ಜನ ಬಂದಿಳಿದರು. ಒಂದು ಕಾರನ್ನು ಕಣಕ್ಕೇ ನುಗ್ಗಿಸಿದ್ದರಿಂದ, ಒಣಗಲು ಹರಡಿದ್ದ ರೊಬಸ್ಟಾ ಕಾಫಿಯ ಹಣ್ಣು, ಅಂದರೆ ಚೆರ್ರಿ, ಚಕ್ರದಡಿ ಜಜ್ಜಿಹೋಯಿತು. ರಾತ್ರಿ ಒಂದೂವರೆಯವರೆಗೆ ಅಂಗಳದಲ್ಲಿ ಬ್ಲೂಟೂತ್ ಸ್ಪೀಕರ್ ಹಾಡುತ್ತಿತ್ತು. ಅದಾದ ಮೇಲೆ ಇಬ್ಬರು ಯುವಕರು ಆನೆ ನೋಡಬೇಕೆಂದು ಮೊಬೈಲ್ ಟಾರ್ಚ್ ಹಿಡಿದು ತೋಟದೊಳಕ್ಕೆ ಹೊರಟರು. ಆ ಭಾಗದಲ್ಲಿ ಕಾಡಾನೆಗಳ ಹಿಂಡು ತೋಟದಿಂದ ತೋಟಕ್ಕೆ ಓಡಾಡುತ್ತಿರುತ್ತದೆ, ಕೆಲಸಕ್ಕೆ ಹೋದ ಕಾರ್ಮಿಕರು ಪ್ರಾಣ ಕಳೆದುಕೊಂಡದ್ದೂ ಉಂಟು. ಆನೆ ಬಂದ ಸುದ್ದಿ ಮೊಬೈಲಿಗೆ ಬಂದರೆ ಮನೆಯವರೇ ಕತ್ತಲಾದ ಮೇಲೆ ಗೇಟು ದಾಟುವುದಿಲ್ಲ. ಇಷ್ಟಾದರೂ ಶ್ರೀಮತಿ ಸ ಆ ರಾತ್ರಿ ಒಂದು ಮಾತನ್ನೂ ಆಡಲಿಲ್ಲ. ಬೆಳಿಗ್ಗೆ ಹತ್ತೂ ಜನರಿಗೆ ಅಕ್ಕಿ ರೊಟ್ಟಿ, ಕೋಳಿಸಾರು ಬಡಿಸಿ, ಹೊರಡುವ ಹೊತ್ತಿಗೆ ಒದ್ದೆ ಟವೆಲೊಂದು ಹಾಸಿಗೆಯ ಮೇಲೆ ಬಿದ್ದಿದ್ದನ್ನು ಕಂಡು ಇಡೀ ತೋಟಕ್ಕೆ ಕೇಳುವಂತೆ ಬೈದರು. ಮರುದಿನ ಬಂದ ವಿಮರ್ಶೆಯಲ್ಲಿ ಒಂದೇ ನಕ್ಷತ್ರವಿತ್ತು. ಅದರಲ್ಲಿ ಕಣದ ಸುದ್ದಿಯಾಗಲಿ, ಹಾಡಿನ ಸುದ್ದಿಯಾಗಲಿ ಇರಲಿಲ್ಲ. ಟವೆಲಿಗಾಗಿ ಕಿರುಚುವ ಹೆಂಗಸು ಎಂದಷ್ಟೇ ಬರೆದಿದ್ದರು. ಓದಿದವರಿಗೆ ಅದು ಸುಳ್ಳೆಂದು ಹೇಳುವಂತೆಯೂ ಇರಲಿಲ್ಲ ಎಂಬುದೇ ಅವರನ್ನು ಹೆಚ್ಚು ಚುಚ್ಚಿತ್ತು.

ಹಿಂದಿನ ಎರಡು ವಾರಗಳ ಸ್ಥಿತಿಯನ್ನು ಕೇಳಿ ಆತಂಕವನ್ನು ಅಳೆಯುವ ಜಿಎಡಿ-7 ಪ್ರಶ್ನಾವಳಿಯಲ್ಲಿ ಅವರಿಗೆ 21ಕ್ಕೆ 12 ಅಂಕ ಬಂದಿತು. 10ರಿಂದ 14ರವರೆಗಿನದು ಮಧ್ಯಮ ಮಟ್ಟದ ಆತಂಕ. ಕೋಣೆಗಳು ಖಾಲಿ ಇದ್ದ ವಾರಗಳಲ್ಲಿ ಅವರು ಚೆನ್ನಾಗಿಯೇ ನಿದ್ರಿಸುತ್ತಿದ್ದರು, ಊಟ ಸೇರುತ್ತಿತ್ತು, ಬೇರೆ ಚಿಂತೆಗಳು ಮಾಮೂಲಿಯಂತೆ ಬಂದು ಹೋಗುತ್ತಿದ್ದವು. ಹಾಗಾಗಿ ಔಷಧಿಯ ದಾರಿಗೆ ಹೋಗುವ ಮೊದಲು, ಭಯ ಹುಟ್ಟುವ ಸಂದರ್ಭವನ್ನೇ ಬದಲಿಸಲು ಸಾಧ್ಯವೇ ಎಂದು ನೋಡುವುದು ಸರಿಯೆನಿಸಿತು.

ಮುಂದಿನ ವಾರಾಂತ್ಯದಲ್ಲಿ ಬೇಸರ ಹುಟ್ಟಿದ ಪ್ರತಿ ಸಲವೂ ಗಂಟೆ ಎಷ್ಟು, ಆದದ್ದೇನು, ತಾವು ಮಾಡಿದ್ದೇನು ಎಂಬುದನ್ನು ಹಾಲಿನ ಲೆಕ್ಕದ ಪುಸ್ತಕದಲ್ಲೇ ಬರೆದಿಡಲು ಹೇಳಿದೆ. ಆ ಟಿಪ್ಪಣಿಗಳಲ್ಲಿ ನನಗೆ ಕಂಡ ಮುಖ್ಯ ಸಂಗತಿಯೆಂದರೆ, ಮೊದಲ ಉಲ್ಲಂಘನೆ ಅತಿಥಿಗಳು ಬಂದ ಮೊದಲ ಗಂಟೆಯಲ್ಲೇ ನಡೆದಿರುತ್ತಿತ್ತು ಮತ್ತು ಅವರು ಅದನ್ನು ಗಮನಿಸಿಯೂ ಇರುತ್ತಿದ್ದರು. ಜನ ಹೆಚ್ಚಾಗಿದ್ದರೆ ಒಳಗೆ ಹೋಗಿ ಸದ್ದಿಲ್ಲದೆ ತಟ್ಟೆ ಹೆಚ್ಚಿಸುತ್ತಿದ್ದರು. ಬಂದವರ ಮುಂದೆ ಮುಖ ಗಂಟು ಹಾಕಬಾರದು ಎಂದು ಕೇಳುತ್ತ ಬೆಳೆದವರಿಗೆ, ಮದುವೆಯಾಗಿ ಬಂದ ಮನೆಯಲ್ಲೂ ಅದನ್ನೇ ಕೇಳಿದವರಿಗೆ, ಹಣ ಕೊಟ್ಟು ಬಂದವರು ಮತ್ತು ನಂಟರು ಬೇರೆ ಬೇರೆ ಎಂಬುದು ಬುದ್ಧಿಗೆ ಗೊತ್ತಿದ್ದರೂ ನಾಲಿಗೆಗೆ ಗೊತ್ತಿರಲಿಲ್ಲ. ಅತಿಥಿಗಳ ಕಡೆಯಿಂದ ನೋಡಿದರೆ, ನಾಲ್ಕು ಜನ ಹೆಚ್ಚಾಗಿ ಬಂದಾಗ ಯಾರೂ ಏನೂ ಅನ್ನಲಿಲ್ಲ. ಹಾಗಿದ್ದ ಮೇಲೆ ಗೋಡೆಯ ಮೇಲಿನ ಉಳಿದ ಬರಹವೂ ಲೆಕ್ಕಕ್ಕಿಲ್ಲ ಎಂದು ಅವರು ತಿಳಿದುಕೊಂಡರೆ ಆಶ್ಚರ್ಯವಿಲ್ಲ.

ಆ ಬರಹವನ್ನೂ ತರಿಸಿ ನೋಡಿದೆ. ಲ್ಯಾಮಿನೇಟ್ ಮಾಡಿಸಿದ ಹಾಳೆಯಲ್ಲಿ ಇಪ್ಪತ್ತೆರಡು ನಿಯಮಗಳಿದ್ದವು. ಪ್ರತಿ ಸಲ ಜಗಳವಾದಾಗಲೂ ಒಂದೊಂದು ಸೇರಿಸುತ್ತ ಬಂದಿದ್ದರಿಂದ, ಚಪ್ಪಲಿ ಹೊರಗೆ ಬಿಡಿ ಎಂಬುದೂ ರಾತ್ರಿ ತೋಟಕ್ಕೆ ಇಳಿಯಬೇಡಿ ಎಂಬುದೂ ಒಂದೇ ಅಕ್ಷರದಲ್ಲಿ, ಒಂದೇ ದನಿಯಲ್ಲಿ ಇದ್ದವು. ಇವುಗಳಲ್ಲಿ ಯಾವುದು ಮುರಿದರೆ ನೀವು ಮಲಗಿದ್ದ ಗಂಡನನ್ನು ಎಬ್ಬಿಸುತ್ತೀರಿ ಎಂದು ಕೇಳಿದೆ. ಐದು ಉಳಿದವು: ಹೇಳಿದಷ್ಟೇ ಜನ ಬರಬೇಕು, ಹತ್ತು ಗಂಟೆಗೆ ಹಾಡು ನಿಲ್ಲಬೇಕು, ಕತ್ತಲಾದ ಮೇಲೆ ಗೇಟು ದಾಟಬಾರದು, ಕಣಕ್ಕೆ ಕಾಲಿಡಬಾರದು, ಅತ್ತೆ ಇರುವ ಭಾಗಕ್ಕೆ ಬರಬಾರದು. ಉಳಿದವನ್ನು ಆಯಾ ಕೋಣೆಯಲ್ಲಿ ಕೋರಿಕೆಯಾಗಿ ಇಡಬಹುದು. ಅವು ಮುರಿದರೆ ಸಹಿಸಿಕೊಳ್ಳಬೇಕು, ಇಲ್ಲವೇ ಶುಚಿ ಮಾಡುವ ಖರ್ಚನ್ನು ಬಾಡಿಗೆಯಲ್ಲೇ ಸೇರಿಸಬೇಕು. ಐದಕ್ಕೂ ಕಾರಣ ಸೇರಿಸಿ ಬುಕಿಂಗ್ ಖಚಿತವಾಗುವ ಮೊದಲೇ ಸಂದೇಶದಲ್ಲಿ ಕಳುಹಿಸಿ, ಒಪ್ಪಿಗೆ ಎಂಬ ಉತ್ತರ ಬಂದ ಮೇಲೆಯೇ ಕೋಣೆ ಕೊಡಬೇಕೆಂದು ಸೂಚಿಸಿದೆ. ಕಾರಣ ತಿಳಿದವರೆಲ್ಲ ಪಾಲಿಸುತ್ತಾರೆ ಎಂದಲ್ಲ, ಆದರೆ ಕಾರಣ ಹೇಳಿದವರಿಗೆ ಮತ್ತೆ ನೆನಪಿಸಲು ಸಂಕೋಚ ಕಡಿಮೆಯಾಗುತ್ತದೆ. ನನಗೆ ಬೇಕಾಗಿದ್ದುದೂ ಅದೇ.

ಕಾನೂನಿನಲ್ಲಿ ತಮಗೆ ಯಾವ ಹಿಡಿತವೂ ಇಲ್ಲ ಎಂಬ ಭಾವನೆ ಆತಂಕದ ಒಂದು ಭಾಗವಾಗಿದ್ದರಿಂದ ಆ ಬಗ್ಗೆಯೂ ಮಾತನಾಡಿದೆವು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಶಬ್ದದ ಮಿತಿ 45 ಡೆಸಿಬಲ್. ಆ ಹೊತ್ತಿನಲ್ಲಿ ಹೊರಗೆ ಧ್ವನಿವರ್ಧಕ ಹಚ್ಚುವಂತಿಲ್ಲ. ಅಂದರೆ ಹತ್ತು ಗಂಟೆ ಎಂಬುದು ಅವರ ಮನೆಯ ಹಟವೇನಲ್ಲ. ಎರಡು ರಾತ್ರಿ ಉಳಿಯಲು ಬಂದವರು ಸಾಮಾನ್ಯವಾಗಿ ಬಾಡಿಗೆದಾರರಾಗುವುದಿಲ್ಲ. 1882ರ ಈಸ್‌ಮೆಂಟ್ಸ್ ಕಾಯ್ದೆಯ 52ನೇ ಸೆಕ್ಷನ್ ಹೇಳುವ ಪರವಾನಗಿಯ ಮೇಲೆ, ಅಂದರೆ ಮನೆಯವರ ಅನುಮತಿಯ ಮೇಲಷ್ಟೇ, ಇರುವವರು. ಅದನ್ನು ಹಿಂಪಡೆದಾಗ ಸಾಮಾನು ಕಟ್ಟಿಕೊಂಡು ಹೊರಡಲು ಸಮಂಜಸ ಕಾಲಾವಕಾಶ ಕೊಡಬೇಕೆಂದು 63ನೇ ಸೆಕ್ಷನ್ ಹೇಳುತ್ತದೆ. ಆನೆಯ ದಾರಿಯಲ್ಲಿ, ಅದರಲ್ಲೂ ಕುಡಿದವರ ಕೈಗೆ ಸ್ಟೀರಿಂಗ್ ಕೊಟ್ಟು ನಡುರಾತ್ರಿ ಹೊರಗಟ್ಟುವುದು ಹೇಗೂ ಆಗದ ಮಾತು. ಬೆಳಕಾದ ಮೇಲೆ ಹೊರಡಬೇಕು ಎಂದು ರಾತ್ರಿಯೇ ತಿಳಿಸಬಹುದು. ದಂಡದ ವಿಷಯದಲ್ಲಿ ಅವರ ಹಾಳೆಯಲ್ಲಿದ್ದ ‘ನಿಯಮ ಮುರಿದರೆ ಹತ್ತು ಸಾವಿರ’ ಎಂಬ ಸಾಲನ್ನು ತೆಗೆಯಲು ಹೇಳಿದೆ. 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ನ್ಯಾಯಾಲಯ ಕೊಡಿಸುವುದು ಆ ಮೊತ್ತವನ್ನು ಮೀರದ, ಸಮಂಜಸವಾದ ಪರಿಹಾರವನ್ನು. ಹೆದರಿಸಲೆಂದೇ ಬರೆದ ಅಂಕಿ ಪೂರ್ತಿ ಕೈಗೆ ಬರುವುದಿಲ್ಲ. ಕಣದ ಚೆರ್ರಿಗೆ ಇಷ್ಟು, ಹೆಚ್ಚುವರಿ ಹಾಸಿಗೆಗೆ ಇಷ್ಟು ಎಂದು ನಿಜವಾದ ನಷ್ಟಕ್ಕೆ ಹತ್ತಿರವಿರುವ ದರವನ್ನು ಬರೆದಿಟ್ಟು, ಭಾಷೆಯನ್ನು ವಕೀಲರೊಬ್ಬರಿಗೆ ತೋರಿಸಿಕೊಂಡರು.

ಹೆಚ್ಚು ಸಮಯ ಹಿಡಿದದ್ದು ಮಾತಿನ ಅಭ್ಯಾಸ. ನಾನು ಅತಿಥಿಯ ಪಾತ್ರ ವಹಿಸಿ ‘ಆಂಟಿ, ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದಾಗಲೆಲ್ಲ ಅವರು ನಕ್ಕುಬಿಡುತ್ತಿದ್ದರು, ಇಲ್ಲವೇ ಕ್ಷಮೆ ಕೇಳುವ ದನಿಯಲ್ಲಿ ಶುರುಮಾಡಿ ಅರ್ಧದಲ್ಲೇ ಸೋಲುತ್ತಿದ್ದರು. ಕೊನೆಗೆ ಅವರ ಬಾಯಿಗೆ ಒಗ್ಗಿದ ಮಾತು ಹೀಗಿತ್ತು: ‘ಬುಕಿಂಗ್ ಆಗಿರೋದು ಆರು ಜನಕ್ಕೆ. ಹತ್ತು ಜನಕ್ಕೆ ನಮ್ಮಲ್ಲಿ ಜಾಗ ಇಲ್ಲ. ಉಳಿದವರಿಗೆ ಸಕಲೇಶಪುರದಲ್ಲಿ ರೂಮ್ ನೋಡ್ಕೊಳ್ಳೋಕೆ ನಂಬರ್ ಕೊಡ್ತೀನಿ, ಬೆಳಕಿರೋವಾಗ್ಲೇ ಹೊರಟ್ರೆ ಒಳ್ಳೇದು.’ ಇಷ್ಟು ಹೇಳಿ ಸುಮ್ಮನಿರಬೇಕು ಎಂಬುದೇ ಅವರಿಗೆ ಕಷ್ಟವಾಯಿತು. ಮೌನವನ್ನು ತುಂಬಲು ಹೋಗಿ ಅವರೇ ರಿಯಾಯಿತಿ ಕೊಟ್ಟುಬಿಡುತ್ತಿದ್ದರು. ಮಾತು ಮೊದಲ ಗಂಟೆಯಲ್ಲೇ ಆಗಬೇಕು, ಬುಕಿಂಗ್ ಮಾಡಿದ ವ್ಯಕ್ತಿಯನ್ನು ಪಕ್ಕಕ್ಕೆ ಕರೆದೇ ಆಗಬೇಕು ಎಂದೂ ಒಪ್ಪಿಕೊಂಡೆವು, ಏಕೆಂದರೆ ಗೆಳೆಯರ ಗುಂಪಿನ ಮುಂದೆ ಹೇಳಿಸಿಕೊಂಡವನು ಮುಖ ಉಳಿಸಿಕೊಳ್ಳಲೆಂದೇ ವಾದಕ್ಕಿಳಿಯುತ್ತಾನೆ. ಪ್ರಾಪ್ತವಯಸ್ಕರೆಲ್ಲರ ಗುರುತಿನ ದಾಖಲೆಯನ್ನು ಬಂದ ತಕ್ಷಣ ಕೇಳುವ ಕ್ರಮ ಈ ಮಾತಿಗೆ ಸಹಜವಾದ ಸಂದರ್ಭ ಒದಗಿಸಿತು. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಟ್ಟರೆ ಸಾಕೆಂದೂ ತಿಳಿಸಿದೆ.

ಇಷ್ಟೆಲ್ಲ ಮಾಡಿದರೂ ಶ್ರೀ ಮ ಅವರನ್ನು ಕರೆಸದೆ ಪ್ರಕರಣ ಮುಂದೆ ಹೋಗುವಂತಿರಲಿಲ್ಲ. ಆ ರಾತ್ರಿ ಬೆಂಕಿಯ ಪಕ್ಕ ಕುಳಿತು, ‘ಇನ್ನೊಂದರ್ಧ ಗಂಟೆ ಇರಲಿ ಬಿಡಿ’ ಎಂದು ಹಾಡಿಗೆ ಅನುಮತಿ ಕೊಟ್ಟವರು ಅವರೇ. ಹೆಂಡತಿ ಇದನ್ನು ದ್ರೋಹವೆಂದೇ ಎಣಿಸಿದ್ದರು. ಶ್ರೀ ಮ ಬಂದು ಬಹಳ ಹೊತ್ತು ಸಾಲದ ಕಂತು, ರೇಟಿಂಗ್, ಕಾಫಿ ಬೆಲೆ ಎಂದು ಮಾತನಾಡಿ, ಕೊನೆಗೆ ಬೇರೆಯದೇ ಒಂದನ್ನು ಹೇಳಿದರು: ‘ಮೇಡಂ, ವಾರವೆಲ್ಲ ನಾನು ಮಾತಾಡೋದು ಆಳುಗಳ ಹತ್ರ, ಇಲ್ಲಾಂದ್ರೆ ಬ್ಯಾಂಕಿನವರ ಹತ್ರ. ಶನಿವಾರ ಯಾರೋ ಬಂದು ಅಣ್ಣ ಕೂತ್ಕೊಳ್ಳಿ ಅಂದ್ರೆ ಎದ್ದು ಹೋಗೋಕೆ ಮನಸ್ಸು ಬರಲ್ಲ.’ ಹೆಂಡತಿ ಇದನ್ನು ಕೇಳಿದ್ದು ಅದೇ ಮೊದಲು. ತೋಟದ ನಡುವಿನ ಒಂಟಿ ಮನೆಗಳಲ್ಲಿ ಗಂಡಸರ ಈ ಏಕಾಂತದ ಬಗ್ಗೆ ಯಾರೂ ಕೇಳುವುದಿಲ್ಲ, ಅವರೂ ಹೇಳಿಕೊಳ್ಳುವುದಿಲ್ಲ. ಅತಿಥಿಗಳೊಂದಿಗೆ ಕೂರುವುದನ್ನು ನಿಲ್ಲಿಸಿ ಎಂದು ನಾನು ಹೇಳಲಿಲ್ಲ. ಬದಲಿಗೆ ಬಂದವರಿಗೆ ಐದು ನಿಯಮಗಳನ್ನು ಬಾಯಲ್ಲಿ ಹೇಳುವ ಕೆಲಸ ಅವರದ್ದೇ ಆಗಬೇಕು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕೇಳದೆ ಸಡಿಲಿಸಬಾರದು, ಒಂಬತ್ತೂವರೆಗೆ ಅವರೇ ಎದ್ದು ಬೆಂಕಿ ಆರಿಸಿ ‘ಅಮ್ಮ ಪಕ್ಕದಲ್ಲೇ ಮಲಗಿದ್ದಾರೆ’ ಎಂದು ಹೇಳಬೇಕು ಎಂದು ಇಬ್ಬರೂ ಒಪ್ಪಿಕೊಂಡರು.

ಕುಡಿದು ಮಿತಿಮೀರಿದವರ ವಿಷಯದಲ್ಲಿ ನನ್ನ ಸಲಹೆ ಕಟ್ಟುನಿಟ್ಟಾಗಿತ್ತು. ಒಬ್ಬರೇ ಹೋಗಬಾರದು, ವಾದ ಬೆಳೆಸಬಾರದು, ಮೈ ಮುಟ್ಟಬಾರದು, ಬೆದರಿಕೆ ಬಂದರೆ ಒಳಗೆ ಚಿಲಕ ಹಾಕಿಕೊಂಡು 112ಕ್ಕೆ ಕರೆ ಮಾಡಬೇಕು. ಒಮ್ಮೆ ಶ್ರೀಮತಿ ಸ ಸಿಟ್ಟಿನಲ್ಲಿ ಮೇನ್ ಸ್ವಿಚ್ ಆರಿಸಿದ್ದರಂತೆ. ಕತ್ತಲಲ್ಲಿ ಯಾರಾದರೂ ಮೆಟ್ಟಿಲಿನಿಂದ ಬಿದ್ದರೆ ಹೊಣೆ ಯಾರದು ಎಂದು ಕೇಳಿದಾಗ ಅವರೇ ಅದನ್ನು ಕೈಬಿಟ್ಟರು. ಜಗುಲಿಯಲ್ಲಿ ಮತ್ತು ಹಜಾರದಲ್ಲಿ ಕ್ಯಾಮೆರಾ ಹಾಕಿಸುವ ಆಲೋಚನೆಯನ್ನೂ ಗೇಟಿಗಷ್ಟೇ ಸೀಮಿತಗೊಳಿಸಿ, ಅದು ಇದೆಯೆಂದು ಮೊದಲೇ ತಿಳಿಸಲು ಹೇಳಿದೆ. ಅವರು ಬುಕಿಂಗ್ ಪಡೆಯುವ ಜಾಲತಾಣಗಳಲ್ಲಿ ಏರ್‌ಬಿಎನ್‌ಬಿಯೂ ಒಂದು. ಅದು 2024ರ ಏಪ್ರಿಲ್ ಕೊನೆಯಿಂದ ಮನೆಯೊಳಗಿನ ಕ್ಯಾಮೆರಾಗಳನ್ನು ಪೂರ್ತಿ ನಿಷೇಧಿಸಿದೆ. ನಷ್ಟದ ಫೋಟೋಗಳೊಂದಿಗೆ ಪರಿಹಾರ ಕೇಳಲು ಅಲ್ಲಿ ಅತಿಥಿ ಹೊರಟ ದಿನದಿಂದ 14 ದಿನಗಳ ಅವಕಾಶವಿದೆ. ಈ ಸೌಲಭ್ಯ ಅವರಿಗೆ ತಿಳಿದೇ ಇರಲಿಲ್ಲ. ಹಣ ವಾಪಸ್ ಕೊಡದಿದ್ದರೆ ಕೆಟ್ಟ ವಿಮರ್ಶೆ ಬರೆಯುತ್ತೇವೆ ಎಂದು ಯಾರಾದರೂ ಹೆದರಿಸಿದರೆ ಫೋನಿನಲ್ಲಿ ಉತ್ತರಿಸದೆ ಆ ಜಾಲತಾಣದ ಸಂದೇಶದಲ್ಲೇ ಬರೆಯುವಂತೆ ಕೇಳಬೇಕು. ವಿಮರ್ಶೆಗೆ ಉತ್ತರ ಕೊಡುವುದಾದರೆ ಒಂದು ರಾತ್ರಿ ಕಳೆದ ಮೇಲೆ, ಎರಡು ಮೂರು ಸಾಲಿನಲ್ಲಿ, ನಡೆದದ್ದನ್ನಷ್ಟೇ ಬರೆಯಬೇಕು. ಆ ಹಳೆಯ ಒಂದು ನಕ್ಷತ್ರದ ವಿಮರ್ಶೆಗೆ ಅವರು ಹೀಗೆ ಬರೆದರು: ‘ಆರು ಜನರ ಬುಕಿಂಗಿಗೆ ಹತ್ತು ಜನ ಬಂದಿದ್ದರು, ರಾತ್ರಿ ಒಂದೂವರೆಯವರೆಗೆ ಹಾಡು ಇತ್ತು. ಬೆಳಿಗ್ಗೆ ನಾನು ಕೂಗಾಡಿದ್ದು ನಿಜ.’ ಎರಡನೆಯ ವಾಕ್ಯ ಬೇಡವೆಂದು ಶ್ರೀ ಮ ಹೇಳಿದರೂ ಅವರು ಅದನ್ನು ಉಳಿಸಿಕೊಂಡರು. ನನಗೂ ಅದು ಸರಿಯೆನಿಸಿತು.

ಕೆಲವು ತಿಂಗಳ ನಂತರ ಜಿಎಡಿ-7 ಅಂಕ 6ಕ್ಕೆ ಇಳಿದಿತ್ತು. ಐದು ನಿಯಮಗಳ ಸಂದೇಶ ನೋಡಿ ಕೆಲವು ತಂಡಗಳು ಬುಕಿಂಗ್ ಕೈಬಿಟ್ಟಿದ್ದರಿಂದ ಆದಾಯವೂ ಸ್ವಲ್ಪ ಇಳಿದಿತ್ತು, ಶ್ರೀ ಮ ಅದನ್ನು ಇನ್ನೂ ಪೂರ್ತಿ ಒಪ್ಪಿಕೊಂಡಿಲ್ಲ. ಒಮ್ಮೆ ಮಾತ್ರ ಒಂದು ತಂಡವನ್ನು ಬೆಳಿಗ್ಗೆ ಏಳಕ್ಕೆ ಹೊರಡಿಸಿ, ಎರಡನೆಯ ರಾತ್ರಿಯ ಹಣ ಮರಳಿಸಿದರು. ಈಗ ಉಳಿದಿರುವ ತೊಡಕು ಬೇರೆ: ಶ್ರೀ ಮ ಅವರ ಚಿಕ್ಕಪ್ಪನ ಮಕ್ಕಳು ಬೆಂಗಳೂರಿನಿಂದ ಗೆಳೆಯರನ್ನು ಕಟ್ಟಿಕೊಂಡು ಬಂದು, ಹಣವನ್ನೂ ಕೊಡದೆ, ಐದರಲ್ಲಿ ನಾಲ್ಕನ್ನು ಮುರಿದು ಹೋಗುತ್ತಾರೆ. ಅವರಿಗೆ ಮೊದಲ ಗಂಟೆಯ ಮಾತನ್ನು ಯಾರು ಹೇಳಬೇಕು ಎಂಬುದನ್ನು ಮುಂದಿನ ಭೇಟಿಯಲ್ಲಿ, ಸಾಧ್ಯವಾದರೆ ಅತ್ತೆಯವರನ್ನೂ ಕರೆತಂದು, ಚರ್ಚಿಸುವುದೆಂದು ನಿಶ್ಚಯಿಸಿದ್ದೇವೆ.