ಪೋಲೆಂಡ್‌ನ ಉಲ್ಮಾ ಕುಟುಂಬವನ್ನು ಮಕ್ಕಳ ಸಮೇತ ನಾಜಿಗಳು ಕೊಂದದ್ದೇಕೆ?

ಯಹೂದಿಗಳಿಗೆ ಆಶ್ರಯ ಕೊಟ್ಟದ್ದೇ ಕಾರಣ. ಜರ್ಮನರು ಆಕ್ರಮಿಸಿಕೊಂಡಿದ್ದ ಪೋಲೆಂಡ್‌ನ ಆಡಳಿತಗಾರ ಹಾನ್ಸ್ ಫ್ರಾಂಕ್ 1941ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಆಜ್ಞೆಯ ಪ್ರಕಾರ, ಘೆಟ್ಟೊ (ಯಹೂದಿಗಳನ್ನು ಕೂಡಿಹಾಕಿದ್ದ ಪ್ರತ್ಯೇಕ ಕೇರಿ) ಬಿಟ್ಟು ಹೊರಬಂದ ಯಹೂದಿಗಳಿಗೆ ಮಾತ್ರವಲ್ಲ, ಅವರನ್ನು ತಿಳಿದೂ ಬಚ್ಚಿಟ್ಟವರಿಗೂ ಮರಣದಂಡನೆ ಕಾದಿತ್ತು.

ಆಗ್ನೇಯ ಪೋಲೆಂಡ್‌ನ ಮಾರ್ಕೊವಾ ಗ್ರಾಮದ ಯೂಜೆಫ್ ಉಲ್ಮಾ ಹಣ್ಣಿನ ಬೆಳೆಗಾರ. ಛಾಯಾಗ್ರಹಣದ ಹವ್ಯಾಸವೂ ಅವರಿಗಿತ್ತು (ಪತ್ನಿ ವಿಕ್ಟೋರಿಯಾ ಮತ್ತು ಮಕ್ಕಳ ದಿನನಿತ್ಯದ ಬದುಕು ಇಂದು ನಮ್ಮ ಕಣ್ಣಿಗೆ ಕಾಣುವುದು ಅವರೇ ತೆಗೆದ ಚಿತ್ರಗಳಿಂದ). ಈ ದಂಪತಿ ಎಂಟು ಮಂದಿ ಯಹೂದಿಗಳನ್ನು, ಅಂದರೆ ಗೋಲ್ಡ್‌ಮನ್ ಎಂಬ ತಂದೆ, ಅವರ ನಾಲ್ವರು ಗಂಡುಮಕ್ಕಳು, ಇಬ್ಬರು ಹೆಂಗಸರು ಮತ್ತು ಒಂದು ಪುಟ್ಟ ಹೆಣ್ಣುಮಗುವನ್ನು, ಒಂದು ವರ್ಷಕ್ಕೂ ಹೆಚ್ಚು ಕಾಲ ತಮ್ಮ ಸಣ್ಣ ಮನೆಯಲ್ಲಿ ಅಡಗಿಸಿಟ್ಟುಕೊಂಡಿದ್ದರು.

ಸುಳಿವು ಕೊಟ್ಟವನು ಬಹುಶಃ ಸಮೀಪದ ವಾಯ್ನ್‌ಸುಟ್ ಪಟ್ಟಣದ ಪೊಲೀಸ್ ಪೇದೆ. 1944ರ ಮಾರ್ಚ್ 24ರ ನಸುಕಿನಲ್ಲಿ ಎಯ್ಲರ್ಟ್ ಡೀಕನ್ ಎಂಬ ಅಧಿಕಾರಿಯ ನೇತೃತ್ವದಲ್ಲಿ ಬಂದ ಜರ್ಮನ್ ಪಡೆ ಮೊದಲು ಯಹೂದಿಗಳನ್ನು, ಬಳಿಕ ಯೂಜೆಫ್ ಮತ್ತು ತುಂಬುಗರ್ಭಿಣಿ ವಿಕ್ಟೋರಿಯಾರನ್ನು, ಕೊನೆಗೆ ಆರು ಮಕ್ಕಳನ್ನೂ ಗುಂಡಿಕ್ಕಿ ಕೊಂದಿತು. ಮಕ್ಕಳಲ್ಲಿ ಹಿರಿಯಳಿಗೆ ಇನ್ನೂ ಎಂಟು ತುಂಬಿರಲಿಲ್ಲ. ಇಡೀ ಹಳ್ಳಿಯನ್ನು ಹೆದರಿಸುವುದೇ ಇದರ ಉದ್ದೇಶವಾಗಿತ್ತೆಂದು ನನ್ನ ಅಭಿಪ್ರಾಯ, ಆದರೂ ಅದೇ ಮಾರ್ಕೊವಾದ ಇತರ ಮನೆಗಳಲ್ಲಿ ಅಡಗಿದ್ದ ಸುಮಾರು 20 ಯಹೂದಿಗಳು ಯುದ್ಧ ಮುಗಿಯುವವರೆಗೂ ಬದುಕುಳಿದರು.

ಡೀಕನ್ ವಿಚಾರಣೆಯನ್ನೇ ಎದುರಿಸಲಿಲ್ಲ. ಯುದ್ಧಾನಂತರ ಪಶ್ಚಿಮ ಜರ್ಮನಿಯಲ್ಲಿ ಪೊಲೀಸ್ ಕೆಲಸದಲ್ಲೇ ಇದ್ದ. ಉಲ್ಮಾ ದಂಪತಿಯನ್ನು ಯಹೂದಿ ಹತ್ಯಾಕಾಂಡದ ನೆನಪನ್ನು ಕಾಪಾಡುವ ಇಸ್ರೇಲ್‌ನ ಯಾದ್ ವಾಶೆಮ್ ಸಂಸ್ಥೆ 1995ರಲ್ಲಿ ಗೌರವಿಸಿತು, ಮತ್ತು 2023ರ ಸೆಪ್ಟೆಂಬರ್‌ನಲ್ಲಿ ಕ್ಯಾಥೊಲಿಕ್ ಚರ್ಚ್ ಮಾರ್ಕೊವಾದಲ್ಲೇ ಇಡೀ ಕುಟುಂಬವನ್ನು ಪುನೀತರೆಂದು (ಸಂತ ಪದವಿಗೆ ಹಿಂದಿನ ಹಂತ) ಘೋಷಿಸಿತು.