ಬೆನ್ನುಹುರಿಗೆ ಪೆಟ್ಟಾದವರ ಕಾಲು ತಾನಾಗಿ ಅದುರಿದರೆ ಸ್ವಾಧೀನ ಬರುತ್ತಿದೆ ಅಂತಲೇ?

ನಿಮ್ಮ ತಮ್ಮ ಬಿದ್ದು ಆರು ವಾರ ಆಯ್ತು, ಟಿ-4 ಮಟ್ಟದಲ್ಲಿ, ಅಂದರೆ ಎದೆಭಾಗದ ಬೆನ್ನುಮೂಳೆಗಳಲ್ಲಿ ಮೇಲಿನಿಂದ ನಾಲ್ಕನೆಯದರ ಹತ್ತಿರ ಪೆಟ್ಟು, ರಾಡು-ಸ್ಕ್ರೂ ಹಾಕಿ ಮೂಳೆ ಕೂರಿಸಿದ್ದಾರೆ, ಈಗ ಹೊದಿಕೆ ಎಳೆದರೂ ಸಾಕು ಕಾಲು ಝಾಡಿಸುತ್ತೆ, ಮನೆಯವರೆಲ್ಲ ಖುಷಿಯಾಗಿದ್ದಾರೆ, ಡಾಕ್ಟರು ಮಾತ್ರ ಏನೂ ಹೇಳಲಿಲ್ಲ ಅಂತ ಬರೆದಿದ್ದೀರಿ. ನನ್ನದು ಟಿ-5. ಗಾಲಿಕುರ್ಚಿಗೆ ಬಂದು ಹನ್ನೊಂದು ವರ್ಷ. ನಾನು ಡಾಕ್ಟರಲ್ಲ, ಆದರೆ ಹೀಗೆ ಅದುರುವ ಎರಡು ಕಾಲುಗಳ ಜೊತೆ ಇಷ್ಟು ವರ್ಷ ಸಂಸಾರ ಮಾಡಿದ್ದೇನೆ.

ಸುತ್ತಿಬಳಸದೆ ಹೇಳಿಬಿಡುತ್ತೇನೆ. ಅದು ಸ್ವಾಧೀನ ಬಂದ ಲಕ್ಷಣ ಅಲ್ಲ.

ಆಪರೇಷನ್‌ನಲ್ಲಿ ಸರಿಯಾಗಿದ್ದು ಬೆನ್ನುಮೂಳೆ. ಅದರ ಒಳಗೆ ಇಳಿಬಿಟ್ಟಂತಿರುವ ಬೆನ್ನುಹುರಿಯ ಕಥೆಯೇ ಬೇರೆ. ಕಿರುಬೆರಳಿನಷ್ಟು ದಪ್ಪ, ದೊಡ್ಡವರಲ್ಲಿ ಹತ್ತಿರಹತ್ತಿರ 45 ಸೆಂಟಿಮೀಟರ್ ಉದ್ದ, ಸೊಂಟದ ಮೊದಲೆರಡು ಮೂಳೆಗಳ ಹತ್ತಿರವೇ ಮುಗಿದುಹೋಗುತ್ತದೆ. ಅಲ್ಲಿಂದ ಕೆಳಗೆ ಕುದುರೆ ಬಾಲದ ಹಾಗೆ ಬರೀ ನರಗಳ ಕಟ್ಟು. ರಾಡು ಮೂಳೆ ಅಲುಗಾಡದಂತೆ ಹಿಡಿದುಕೊಳ್ಳುತ್ತದೆ, ಆಪರೇಷನ್ ಹುರಿಯ ಮೇಲಿನ ಒತ್ತಡ ತೆಗೆಯುತ್ತದೆ, ಅಷ್ಟೆ. ಜಜ್ಜಿಹೋದ ಹುರಿಯನ್ನು ಹೊಲಿಯಲು ಬರುವುದಿಲ್ಲ. ಕೈಯಲ್ಲಿ ನರ ತುಂಡಾದರೆ, ಹೊಲಿದ ಮೇಲೆ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಮತ್ತೆ ಬೆಳೆಯುತ್ತದೆ. ಬೆನ್ನುಹುರಿಯಲ್ಲಿ ಗಾಯದ ಜಾಗದಲ್ಲಿ ಕಲೆಗಟ್ಟುತ್ತದೆ, ಸುತ್ತಲಿನ ಅಂಗಾಂಶವೂ ನರದ ಎಳೆಗಳು ಬೆಳೆಯದಂತೆ ತಡೆಯುತ್ತದೆ.

ಹಾಗಾದರೆ ಕಾಲು ಅದುರುವುದು ಯಾಕೆ? ಬೆನ್ನುಹುರಿ ಬರೀ ತಂತಿ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಅದಕ್ಕೆ ತನ್ನದೇ ಬುದ್ಧಿಯೂ ಇದೆ. ಮುಳ್ಳು ತುಳಿದಾಗ ನೋವು ಗೊತ್ತಾಗುವ ಮೊದಲೇ ಕಾಲು ಮೇಲೆದ್ದಿರುತ್ತದಲ್ಲ, ಆ ತೀರ್ಮಾನ ಆಗುವುದು ಹುರಿಯಲ್ಲೇ. ಆರೋಗ್ಯವಾಗಿದ್ದಾಗ ಮಿದುಳು ಈ ಚುರುಕುತನಕ್ಕೆ ಕಡಿವಾಣ ಹಾಕಿಟ್ಟಿರುತ್ತದೆ. ಪೆಟ್ಟಾದ ಮೊದಲ ಕೆಲವು ವಾರ ಗಾಯದ ಕೆಳಗಿನ ಭಾಗ ಮೂರ್ಛೆ ಹೋದಂತೆ ಸುಮ್ಮನಿರುತ್ತದೆ, ಕಾಲು ಒದ್ದೆ ಬಟ್ಟೆಯ ಹಾಗೆ ಜೋತಾಡುತ್ತದೆ. ಆಮೇಲೆ ಅದು ಎಚ್ಚರಗೊಳ್ಳುತ್ತದೆ. ಆದರೆ ಕಡಿವಾಣ ಹಿಡಿಯುವವರು ಮೇಲೆ ಯಾರೂ ಇಲ್ಲ. ಹೊದಿಕೆ ತಗುಲಿದರೂ ಸಾಕು, ಮುಳ್ಳೇ ಚುಚ್ಚಿತೇನೋ ಎಂಬಂತೆ ಕಾಲು ಎಗರುತ್ತದೆ.

ಆಸೆ ಇಟ್ಟುಕೊಂಡು ನೋಡಬೇಕಾದ್ದು ಬೇರೆ ಕಡೆ, ಅದೂ ಯಾರೂ ಬಾಯಿಬಿಟ್ಟು ಹೇಳದ ಜಾಗದಲ್ಲಿ. ಗುದದ ಸುತ್ತ ಮುಟ್ಟಿದ್ದು, ಒಳಗೆ ಒತ್ತಿದ್ದು ಗೊತ್ತಾಗುತ್ತದೆಯೇ, ಬಿಗಿಹಿಡಿ ಅಂದಾಗ ಬಿಗಿಹಿಡಿಯಲು ಆಗುತ್ತದೆಯೇ ಅಂತ ಡಾಕ್ಟರು ಪರೀಕ್ಷೆ ಮಾಡುತ್ತಾರೆ. ನನಗೆ ಮಾಡಿದಾಗ ನಾಚಿಕೆಯಿಂದ ಗೋಡೆ ನೋಡುತ್ತಾ ಮಲಗಿದ್ದೆ. ಕಾಲಿನ ಸ್ವಾಧೀನ ಹೋದವನಿಗೆ ಇದೇನು ಅವಮಾನ ಅಂತ ಸಿಟ್ಟೂ ಬಂದಿತ್ತು. ದೇಹದ ತೀರಾ ಕೆಳಭಾಗಕ್ಕೆ ಹೋಗುವ ಎಳೆಗಳು ಹುರಿಯ ಹೊರ ಅಂಚಿನಲ್ಲಿರುವುದರಿಂದ ಎಷ್ಟೋ ಸಲ ಅವೇ ಉಳಿದುಕೊಂಡಿರುತ್ತವೆ. ಅಲ್ಲಿ ಒಂಚೂರು ಸ್ಪರ್ಶ ಇದ್ದರೂ ಪೆಟ್ಟು ಅಪೂರ್ಣ, ಅಂದರೆ ಹುರಿಯ ಸಂಪರ್ಕ ಪೂರ್ತಿ ಕಡಿದಿಲ್ಲ ಎಂದು ಲೆಕ್ಕ, ಚೇತರಿಕೆಯ ಆಸೆ ಎಷ್ಟೋ ಹೆಚ್ಚು. ಎ ಇಂದ ಇ ವರೆಗೆ ಗ್ರೇಡ್ ಕೊಡುತ್ತಾರೆ. ಎ ಅಂದರೆ ಪೂರ್ಣ ಪೆಟ್ಟು, ಇ ಅಂದರೆ ಸಹಜ. ನಿಮ್ಮ ತಮ್ಮನದು ಯಾವುದು ಅಂತ ಕೇಳಿ. ಮನೆಯಲ್ಲಿ ನೋಡುವುದಾದರೆ ಕಾಲು ಮುಟ್ಟಲೇಬೇಡಿ. ಕಾಲಿನ ಹೆಬ್ಬೆರಳು ಅಲುಗಿಸು ಅನ್ನಿ. ಹೇಳಿದಾಗ ಅಲುಗಿದರೆ ಲೆಕ್ಕ.

ನೀವು ಕೇಳಿಲ್ಲ, ಆದರೂ ಇದನ್ನು ಹೇಳಲೇಬೇಕು. ಟಿ-6 ಮತ್ತು ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಒಂದು ಅಪಾಯ ಇದೆ, ಬಿಪಿ ದಿಢೀರನೆ ವಿಪರೀತ ಏರುವುದು, ಹೆಸರು ಆಟೊನೊಮಿಕ್ ಡಿಸ್‌ರಿಫ್ಲೆಕ್ಸಿಯಾ. ಮೂರನೇ ತಿಂಗಳಲ್ಲಿ ಒಂದು ರಾತ್ರಿ ನನಗೆ ತಲೆ ಸಿಡಿದುಹೋಗುವಂಥ ನೋವು. ಮುಖ ಕೆಂಪಗೆ, ಹಣೆಯಿಂದ ಬೆವರು ಇಳಿಯುತ್ತಿದೆ, ಎದೆಯಿಂದ ಕೆಳಗೆ ಮಾತ್ರ ತಣ್ಣಗೆ, ರೋಮ ನಿಂತಿದೆ. ಯಾವಾಗಲೂ 100ರ ಆಸುಪಾಸಿನಲ್ಲಿರುತ್ತಿದ್ದ ಬಿಪಿ 190. ತಲೆನೋವಿನ ಮಾತ್ರೆ ಕೊಟ್ಟರು, ಮಲಗಿಸಿ ಗಾಳಿ ಬೀಸಿದರು. ಮಲಗಿಸಿದ್ದೇ ತಪ್ಪು ಅಂತ ಆಮೇಲೆ ಗೊತ್ತಾಯಿತು. ಕೊನೆಗೆ ಅಕ್ಕ ಹೊದಿಕೆ ಸರಿಸಿ ನೋಡಿದರೆ ಮೂತ್ರದ ನಳಿಕೆ ತೊಡೆಯ ಕೆಳಗೆ ಮಡಚಿಕೊಂಡಿದೆ, ಚೀಲ ಖಾಲಿ. ನಳಿಕೆ ನೇರ ಮಾಡಿದಳು. ಚೀಲ ತುಂಬುತ್ತಾ ಬಂದ ಹಾಗೆ ತಲೆನೋವು ಇಳಿಯಿತು.

ತುಂಬಿದ ಮೂತ್ರಕೋಶದ ದೂರು ಮಿದುಳಿಗೆ ಮುಟ್ಟುವುದಿಲ್ಲ. ಹುರಿ ತನ್ನ ಪಾಡಿಗೆ ಕೆಳಗಿನ ರಕ್ತನಾಳಗಳನ್ನೆಲ್ಲ ಬಿಗಿ ಮಾಡುತ್ತದೆ, ಬಿಪಿ ಏರುತ್ತದೆ, ಇಳಿಸು ಎಂಬ ಮಿದುಳಿನ ಆಜ್ಞೆ ಗಾಯ ದಾಟಿ ಹೋಗುವುದಿಲ್ಲ. ಹಾಗೇ ಬಿಟ್ಟರೆ ಮಿದುಳಿನಲ್ಲಿ ರಕ್ತಸ್ರಾವ ಆಗಬಹುದು. ಹೀಗಾದರೆ ತಕ್ಷಣ ಎಬ್ಬಿಸಿ ನೆಟ್ಟಗೆ ಕೂರಿಸಿ, ಬಿಗಿಯಾದ ಬಟ್ಟೆ ಸಡಿಲಿಸಿ, ನಳಿಕೆ ನೋಡಿ, ಆಮೇಲೆ ಮಲಬದ್ಧತೆ, ಆಮೇಲೆ ಚರ್ಮ. ಕಾರಣ ಸಿಗದಿದ್ದರೆ ಅಥವಾ ಬಿಪಿ ಇಳಿಯದಿದ್ದರೆ ಆಸ್ಪತ್ರೆಗೆ ಓಡಿ. ಇದರ ಹೆಸರು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ, ಎಲ್ಲ ಡ್ಯೂಟಿ ಡಾಕ್ಟರಿಗೂ ಇದು ಥಟ್ಟನೆ ಹೊಳೆಯುವುದಿಲ್ಲ.

ನಡೆಯುವುದು ಯಾವಾಗ ಅಂತಲೇ ಎಲ್ಲರೂ ಕೇಳುತ್ತಾರೆ. ಆದರೆ ಹಿಂದೆ ಇಂಥವರ ಜೀವ ತೆಗೆಯುತ್ತಿದ್ದುದು ಮೂತ್ರದ ಸೋಂಕು ಮತ್ತು ಒಂದೇ ಮಗ್ಗುಲಲ್ಲಿ ಮಲಗಿ ಆಗುವ ಬೆನ್ನಹುಣ್ಣು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು ಎರಡು ಗಂಟೆಗೊಮ್ಮೆ ರೋಗಿಯನ್ನು ಮಗ್ಗುಲು ಬದಲಿಸಲೇಬೇಕು ಅಂತ ಹಟ ಹಿಡಿದರು, ರಾತ್ರಿಯೂ ಬಿಡಲಿಲ್ಲ. ನೀವೂ ಹಾಗೇ ಹಟ ಹಿಡಿಯಿರಿ.

ನಿಮ್ಮ ಪರಿಚಯದವರು ಬೆನ್ನುಮೂಳೆಯ ಟಿಬಿಯಿಂದ ಕಾಲಿನ ಸ್ವಾಧೀನ ಕಳೆದುಕೊಂಡು ಮತ್ತೆ ನಡೆದರು ಅಂದಿರಿ. ನಿಜ ಇರಬಹುದು. ಅಲ್ಲಿ ಕೀವು, ಕುಸಿದ ಮೂಳೆ ಹುರಿಯನ್ನು ನಿಧಾನವಾಗಿ ಒತ್ತುತ್ತವೆ. ಬೇಗ ಗೊತ್ತಾಗಿ ಔಷಧಿ ಶುರುವಾದರೆ, ಬೇಕಿದ್ದರೆ ಆಪರೇಷನ್ ಮಾಡಿ ಒತ್ತಡ ತೆಗೆದರೆ, ಹುರಿ ಚೇತರಿಸಿಕೊಳ್ಳಬಲ್ಲದು. ವಯಸ್ಸಾದವರಲ್ಲಿ ಸವೆದ ಕುತ್ತಿಗೆ ಮೂಳೆ ಒತ್ತುವುದು, ಬಿ12 ಕೊರತೆಯಿಂದ ಹುರಿ ಹಾಳಾಗುವುದು ಇವೂ ಬೇಗ ಹಿಡಿದಷ್ಟು ಒಳ್ಳೆಯದು. ಒತ್ತಿದ ಹುರಿ ಬೇರೆ, ಜಜ್ಜಿದ ಹುರಿ ಬೇರೆ. ಅವರ ಕಥೆಯನ್ನು ತಮ್ಮನಿಗೆ ಹೋಲಿಸಬೇಡಿ. ಸ್ಟೆಮ್ ಸೆಲ್ ಚುಚ್ಚಿ ನಡೆಸುತ್ತೇವೆ ಅನ್ನುವವರ ಹತ್ತಿರ ಸಾಲ ಮಾಡಿಕೊಂಡು ಹೋಗಲೂ ಬೇಡಿ, ಅದು ಇನ್ನೂ ಸಾಬೀತಾದ ಚಿಕಿತ್ಸೆ ಅಲ್ಲ.

ತಮ್ಮನಿಗೆ ಏನು ಹೇಳಲಿ ಅಂತ ಕೊನೆಗೆ ಕೇಳಿದ್ದೀರಿ. ನಿಜ ಹೇಳಿ. ನನ್ನ ಕಾಲು ಮೊದಲ ಸಲ ಎಗರಿದಾಗ ಅಮ್ಮ ವಾರ್ಡಿಗೆಲ್ಲ ಕೂಗಿ ಹೇಳಿದ್ದಳು. ಅದು ಸೆಳೆತ ಅಂತ ನನಗೆ ಹೇಳಲು ಮೂರು ದಿನ ಯಾರಿಗೂ ಧೈರ್ಯ ಬರಲಿಲ್ಲ. ಆ ಮೂರು ದಿನಕ್ಕೇ ನನಗೆ ಹೆಚ್ಚು ಸಿಟ್ಟು. ಈಗ ಆ ಸೆಳೆತವನ್ನೇ ಕೆಲಸಕ್ಕೆ ಹಚ್ಚಿದ್ದೇನೆ. ಪ್ಯಾಂಟು ಹಾಕುವಾಗ ಪಾದ ಹಿಡಿದು ಒಮ್ಮೆ ಚುರುಕಾಗಿ ಎಳೆದರೆ ಕಾಲು ತಾನೇ ನೆಟ್ಟಗಾಗುತ್ತದೆ, ಅಷ್ಟರಲ್ಲಿ ಪ್ಯಾಂಟು ಏರಿಸಿಬಿಡುತ್ತೇನೆ. ದಿಢೀರನೆ ಅದುರು ಜಾಸ್ತಿಯಾದರೆ ಕೆಳಗೆ ಏನೋ ಎಡವಟ್ಟಾಗಿದೆ ಅಂತ ಹುಡುಕುತ್ತೇನೆ. ಹೋದ ತಿಂಗಳು ಸಿಕ್ಕಿದ್ದು ಮಾಂಸದೊಳಕ್ಕೆ ಬೆಳೆದ ಹೆಬ್ಬೆರಳ ಉಗುರು.