ಪ್ರತಿಕ್ರಿಯೆ: ವಿಂಡೋಸ್ 11 ಹಾಕಿದ ಮೇಲೆ ಡಿಸ್ಕ್ 100%
ವಿಂಡೋಸ್ 10ರಿಂದ 11ಕ್ಕೆ ಹೋದ ಮೇಲೆ ಲ್ಯಾಪ್‌ಟಾಪ್ ತೆವಳುತ್ತಿದೆ, ಡಿಸ್ಕ್ ಸದಾ 100% ತೋರಿಸುತ್ತದೆ ಅಂದಿದ್ದೀರಿ. ಮೊದಲ ಒಂದೆರಡು ದಿನ ಸರ್ಚ್ ಇಂಡೆಕ್ಸಿಂಗ್ (ಹುಡುಕಾಟಕ್ಕಾಗಿ ಫೈಲ್‌ಗಳ ಪಟ್ಟಿ ಮಾಡುವುದು), ಡಿಫೆಂಡರ್ (ವಿಂಡೋಸ್‌ನದೇ ಆಂಟಿವೈರಸ್) ಸ್ಕ್ಯಾನ್ ಹಿನ್ನೆಲೆಯಲ್ಲಿ ನಡೆಯುತ್ತಿರುತ್ತವೆ. ಚಾರ್ಜರ್ ಹಾಕಿ, ಸ್ಲೀಪ್ ಆಗದಂತೆ ರಾತ್ರಿಯಿಡೀ ಆನ್ ಇಡಿ. ಆಮೇಲೂ ಹಾಗೇ ಇದ್ದರೆ ಕಂಟ್ರೋಲ್+ಶಿಫ್ಟ್+ಎಸ್ಕೇಪ್ ಒತ್ತಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಕಾಲಂ ಕ್ಲಿಕ್ ಮಾಡಿ. ಹೆಚ್ಚು ಬಳಸುತ್ತಿರುವ ಪ್ರೋಗ್ರಾಂ ಮೇಲೆ ಬರುತ್ತದೆ. ಪರ್ಫಾರ್ಮೆನ್ಸ್ ಟ್ಯಾಬ್‌ನಲ್ಲಿ ಡಿಸ್ಕ್ ಮುಂದೆ ‘ಎಚ್‌ಡಿಡಿ’ (ತಿರುಗುವ ತಟ್ಟೆಯ ಹಳೇ ಬಗೆಯ ನಿಧಾನ ಡಿಸ್ಕ್) ಅಂತಿದ್ದರೆ ಬಹುತೇಕ ಅಸಲಿ ರೋಗ ಅದೇ. ಸೆಟ್ಟಿಂಗ್ ತಿರುವಿ ಹೆಚ್ಚೇನೂ ಗಿಟ್ಟುವುದಿಲ್ಲ, ಎಸ್‌ಎಸ್‌ಡಿ (ಚಿಪ್ ಬಳಸುವ ವೇಗದ ಡಿಸ್ಕ್) ಹಾಕಿಸಿ.

ವಿಂಡೋಸ್ 10ಕ್ಕೇ ಮರಳಬೇಕೆಂದರೆ, 11 ಹಾಕಿದ 10 ದಿನದೊಳಗೆ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ, ಗೋ ಬ್ಯಾಕ್. (ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ.) ಆ 10 ದಿನ ಮುಗಿಯುವವರೆಗೆ ಜಾಗ ಉಳಿಸಲು ಹೋಗಿ ಸಿ ಡ್ರೈವ್‌ನ ‘ವಿಂಡೋಸ್.ಓಲ್ಡ್’ (ಹಳೇ ವಿಂಡೋಸ್ ಇರುವ) ಫೋಲ್ಡರ್ ಅಳಿಸಬೇಡಿ, ಅದಿಲ್ಲದೆ ಗೋ ಬ್ಯಾಕ್ ಆಗುವುದಿಲ್ಲ.